ಪ್ರಚಾರಕ್ಕೆ ಹೊರಟ ಚಿಗರಿ

ಪ್ರಚಾರದ ಗಡುವು ಹಿಂದಿನ ಸಂಜೆಗೇ ಮುಗಿದಿತ್ತು. ಮೈಕುಗಳು ಬಾಯಿ ಮುಚ್ಚಿದ್ದವು. ಸರಪಂಚ್ ಹುದ್ದೆಗೆ ನಿಂತಿದ್ದ ದೇವೇಂದ್ರಪ್ಪ ನೆಮ್ಮದಿಯಿಂದ ರೊಟ್ಟಿ ಮುರಿಯುತ್ತಿದ್ದಾಗ, ಪಂಚಾಯತಿ ಕಟ್ಟೆಗೆ ಬರುವಂತೆ ಚುನಾವಣಾ ಅಧಿಕಾರಿಯಿಂದ ಕರೆ ಬಂತು.

“ಪ್ರಚಾರ ನಿಲ್ಲಸ್ರಿ ಅಂದ್ರೂ ನಡಸೀರಲ್ರೀ?” ಎಂದು ಅಧಿಕಾರಿ ಕಟ್ಟೆಯ ಮೇಲೆ ಕೂತೇ ಮೊಬೈಲು ತೋರಿಸಿದರು. ಎದುರಾಳಿಯ ಕಡೆಯವರು ಕಳಿಸಿದ ವಿಡಿಯೋ.

ಅದರಲ್ಲಿ ಕಡಲೆ ಹೊಲದ ತುಂಬ ಒಂದು ಚಿಗರಿ ಓಡುತ್ತಿತ್ತು. ತೆಲಂಗಾಣದ ಮಕ್ತಲ್ ಕಡೆಯ ಕೃಷ್ಣಾ ದಂಡೆಯಲ್ಲಿ ಕೃಷ್ಣಮೃಗಗಳು ಹಿಂಡು ಹಿಂಡಾಗಿ ಬೆಳೆಗೆ ಬೀಳುವುದು ಹೊಸದೇನಲ್ಲ. ಆದರೆ ಈ ಗಂಡು ಚಿಗರಿಯ ತಿರುಚು ಕೊಂಬಿಗೆ, ಗಾಳಿಗೆ ಕಿತ್ತುಹೋದ ಫ್ಲೆಕ್ಸೊಂದು ಸಿಕ್ಕಿಕೊಂಡು ಬೆನ್ನ ಮೇಲೆ ಪಟಪಟ ಬಡಿಯುತ್ತಿತ್ತು. ಫ್ಲೆಕ್ಸಿನಲ್ಲಿ ದೇವೇಂದ್ರಪ್ಪ ಕೈ ಮುಗಿದು ನಗುತ್ತಿದ್ದ. ಪಕ್ಕದಲ್ಲಿ ಅವನ ಚುನಾವಣಾ ಗುರುತು, ಫುಟ್‌ಬಾಲ್. ಕೆಳಗೆ ತೆಲುಗಿನಲ್ಲಿ ‘ಮೀ ಇಂಟಿ ಬಿಡ್ಡ’, ಅಂದರೆ ನಿಮ್ಮ ಮನೆಮಗ.

“ನಾ ಅದಕ್ಕೇನೂ ಹೇಳಿಲ್ರೀ ಸಾರು.”

“ಫೋಟೋ ಯಾರ್ದು?”

“ನಂದ.”

“ಫುಟ್‌ಬಾಲು?”

“ಅದೂ ನಂದ.”

“ಮತ್ತಿನ್ನೇನ್ ಕೇಳ್ಲಿ ನಾನು? ಸಂಜಿಯೊಳಗ ಬಿಚ್ಚಸ್ರಿ. ಇಲ್ಲಾಂದ್ರ ನೋಟಿಸ್ ಕೊಡ್ತೀನಿ.”

ದೇವೇಂದ್ರಪ್ಪ ಕಾಡಿನ ಗಾರ್ಡ್ ನರಸಿಂಹುಲುವನ್ನು ಹುಡುಕಿಕೊಂಡು ಹೋದ. ಗಾರ್ಡ್ ಎರಡೂ ಕೈ ಅಡ್ಡ ಆಡಿಸಿದ. “ಮುಟ್ಟಿದ್ರ ಕೇಸ್ ಆಗ್ತೈತ್ರಿ. ಬೆನ್ನ ಹತ್ತಿದ್ರ ಅದು ಎದಿ ಒಡದು ಸಾಯ್ತೈತಿ. ಬಲೆ ಹಾಕಾವ್ರು ಬಂದೇ ಹಿಡೀಬೇಕು.”

“ಯಾವಾಗ ಬರ್ತಾರ?”

“ಅವರ ಗಾಡಿ ಎಲೆಕ್ಷನ್ ಡ್ಯೂಟಿಗೆ ಹೋಗೈತಿ.”

ಬಿಚ್ಚದಿದ್ದರೆ ನೋಟಿಸು, ಬಿಚ್ಚಿದರೆ ಕೇಸು. ದೇವೇಂದ್ರಪ್ಪ ತನ್ನ ಮುಖವನ್ನು ತಾನೇ ಹುಡುಕುತ್ತ ಹೊಲ ಹೊಲ ಅಲೆದ. ಸಿಕ್ಕವರೆಲ್ಲ, “ಈಗಷ್ಟ ಬಂದು ಹೋದ್ರಲ್ಲ ನೀವು!” ಎಂದು ನಕ್ಕರು. ಹತ್ತಿ ಬಿಡಿಸುತ್ತಿದ್ದ ಮೊಗುಲಮ್ಮ ಸೊಂಟಕ್ಕೆ ಕೈ ಇಟ್ಟು ನಿಂತು, “ನೀವು ನಮ್ಮ ಓಣಿಗೆ ಒಮ್ಮಿ ಬಂದೀರಿ ಸಾವ್ಕಾರ್ರ. ಅದು ಮುಂಜಾನಿಂದ ನಾಕ ಸಲ ಬಂದೈತಿ. ಓಟು ಅದಕ್ಕ ಹಾಕೂಣು ಅನ್ನಾಕತ್ತಾರ ಮಂದಿ” ಎಂದಳು. ಆದರೂ ಕೆಲಸ ಬಿಟ್ಟು, ಬದುವಿನ ಮೇಲಿದ್ದ ಕುಡುಗೋಲು ಹಿಡಿದು ಅವನ ಜೊತೆ ಹೊರಟಳು.

ದಿಬ್ಬ ಏರಿದಾಗ ಹಿಂಡು ಕಂಡಿತು. ಫ್ಲೆಕ್ಸಿನ ಚಿಗರಿ ತನ್ನವರನ್ನು ಸೇರಲು ಹೋಗುತ್ತಿತ್ತು. ಅದು ಹತ್ತಿರ ಬಂದಂತೆಲ್ಲ ಹೆಣ್ಣುಗಳು, ಮರಿಗಳು ದಿಕ್ಕಾಪಾಲಾಗಿ ಓಡುತ್ತಿದ್ದವು. ಅವು ಓಡುತ್ತಿದ್ದದ್ದು ಚಿಗರಿಯನ್ನು ಕಂಡಲ್ಲ, ಮೇಲೆ ನಗುತ್ತಿದ್ದ ಆ ದೊಡ್ಡ ಮುಖವನ್ನು ಕಂಡು. ಸ್ಟುಡಿಯೋದವನು ‘ಇನ್ನೊಂಚೂರು ನಗ್ರಿ’ ಎಂದು ದೇವೇಂದ್ರಪ್ಪನನ್ನು ನಗಿಸಿದ್ದ ನಗು ಅದು.

ಬಿಸಿಲು ಇಳಿಯುವಾಗ ಚಿಗರಿ ಕಾಲುವೆ ದಂಡೆಯಲ್ಲಿ ಕುಸಿಯಿತು. ಹತ್ತಿರ ಹೋಗಿ ನೋಡಿದರೆ ಫ್ಲೆಕ್ಸಿನ ಹಗ್ಗ ಮೂತಿಗೆ ಬಿಗಿದುಕೊಂಡಿತ್ತು. ನೀರು ಮುಂದೆಯೇ ಇದ್ದರೂ ಕುಡಿಯುವಂತಿರಲಿಲ್ಲ. ಅಷ್ಟರಲ್ಲಿ ನರಸಿಂಹುಲು ಏದುಸಿರು ಬಿಡುತ್ತ ಬಂದು ಮೇಲಿನವರಿಗೆ ಫೋನು ಹಚ್ಚಿದ.

“ಸಾಯಾಕತ್ತೈತಿ ನೋಡಪಾ!” ಎಂದ ದೇವೇಂದ್ರಪ್ಪ.

ಗಾರ್ಡ್ ಒಂದು ಗಳಿಗೆ ಪ್ರಾಣಿಯನ್ನು ನೋಡಿದ. ಆಮೇಲೆ ಬೆನ್ನು ತಿರುಗಿಸಿದ. “ನಾ ಪರ್ಮಿಷನ್ ಕೇಳಾಕತ್ತೀನಿ. ನನಗ ಹಿಂದಿಂದೇನೂ ಕಾಣ್ಸಂಗಿಲ್ಲ.”

ದೇವೇಂದ್ರಪ್ಪ ಟವೆಲಿನಿಂದ ಚಿಗರಿಯ ಕಣ್ಣು ಮುಚ್ಚಿ, ಮೊಗುಲಮ್ಮನ ಕುಡುಗೋಲಿನಿಂದ ಹಗ್ಗ ಕೊಯ್ದ. ಬಾಯಿ ಸಡಿಲಾದದ್ದೇ ಒಳಗಿನಿಂದ, ಅದು ಹರಿದು ನುಂಗಿದ್ದ ಫ್ಲೆಕ್ಸಿನ ಕೆಳಗಿನ ಪಟ್ಟಿಯ ತುದಿಯೊಂದು ಇಣುಕಿತು. ಮೆಲ್ಲಗೆ ಎಳೆದ. ಮೊದಲು ‘ಮೀ’ ಬಂತು, ಜೊಲ್ಲಿನಲ್ಲಿ ತೊಯ್ದ ‘ಇಂಟಿ’ ಬಂತು. ‘ಬಿಡ್ಡ’ ಗಂಟಲಲ್ಲಿ ಸಿಕ್ಕಿಕೊಂಡಿತು. ಅವನು ಎಳೆಯುವುದನ್ನು ನಿಲ್ಲಿಸಿದ.

“ಎಳೀರಿ ಸಾವ್ಕಾರ್ರ, ಬರ್ತೈತಿ,” ಎಂದು ಮೊಗುಲಮ್ಮ ಚಿಗರಿಯ ಕೊರಳು ಸವರಿದಳು. ಬಂತು.

ಕೊಂಬಿನ ಫ್ಲೆಕ್ಸನ್ನೂ ಬಿಡಿಸಿ ಟವೆಲು ತೆಗೆದರೂ ಚಿಗರಿ ಬಹಳ ಹೊತ್ತು ಬಿದ್ದೇ ಇತ್ತು. ಆಮೇಲೆ ಎದ್ದು ನೀರು ಕುಡಿದು, ಯಾರ ಕಡೆಗೂ ನೋಡದೆ ಕುಂಟುತ್ತ ಹೋಯಿತು. ಪರ್ಮಿಷನ್ ಆಗ ಬಂತು.

ಚುನಾವಣೆಯಲ್ಲಿ ದೇವೇಂದ್ರಪ್ಪ ಸೋತ. ಚಿಗರಿ ಇನ್ನೊಂದು ದಿನ ತಿರುಗಾಡಿದ್ದರೆ ಗೆಲ್ಲುತ್ತಿದ್ದ ಎಂದು ಊರು ಆಡಿಕೊಂಡಿತು. ಅವನು ಏಣಿ ಹೊತ್ತು ತನ್ನ ಫ್ಲೆಕ್ಸುಗಳನ್ನು ಇಳಿಸತೊಡಗಿದ. ಹಳ್ಳದ ದಂಡೆಯಲ್ಲಿ ಒಂದು ಚಿಗರಿ ಮರಿ ಸತ್ತು ಬಿದ್ದಿತ್ತು. ಅದರ ಬಾಯಲ್ಲೂ ಫ್ಲೆಕ್ಸಿನ ಒಂದು ಚೂರು. ಚೂರಿನಲ್ಲಿ ಮುಗಿದ ಕೈಗಳಷ್ಟೇ ಇದ್ದವು. ಅವು ತನ್ನವೋ ಗೆದ್ದವನವೋ ತಿಳಿಯಲಿಲ್ಲ. ಆ ಮರಿಯನ್ನು ಅಲ್ಲೇ ಮಣ್ಣು ಮಾಡಿದ ಮೇಲೆ ಅವನು ಗೆದ್ದವನ ಫ್ಲೆಕ್ಸುಗಳನ್ನೂ ಇಳಿಸಿದ. ಅದಕ್ಕೆ ಒಂದು ದೂರು ಬಿತ್ತು.

ಕಡೆಗೆ ಉಳಿದದ್ದು ಮೊಗುಲಮ್ಮನ ಗುಡಿಸಲಿನ ಮೇಲಿದ್ದ ಅವನದೇ ಫ್ಲೆಕ್ಸು. ಅವಳು ಅದನ್ನು ಅವನ ಮುಖ ಮೇಲಾಗಿ ಸೂರಿಗೆ ಹೊದಿಸಿ ಕಲ್ಲು ಹೇರಿದ್ದಳು.

“ಇಳಸಬೇ ಅದನ್ನ.”

“ತಗಡು ಹಾಕಸಿಕೊಡ್ರಿ, ಇಳಸ್ತೀನಿ. ಅಲ್ಲೀತನಕ ನಿಮ್ಮ ಮಾರಿ ಸೋರಂಗಿಲ್ರೀ.”

ದೇವೇಂದ್ರಪ್ಪ ಏಣಿಯನ್ನು ಗೋಡೆಗೆ ಒರಗಿಸಿ, ಸೂರಿನ ಉದ್ದಗಲ ಗೇಣಿನಿಂದ ಅಳೆಯತೊಡಗಿದ.