ಅಂಕಮ್ಮ ಹೇಳಬೇಕಿದ್ದ ಮಾತು

ಗಂಡನ ಎರಡು ಕಾಲುಗಳ ಹೆಬ್ಬೆರಳು ಜೋಡಿಸಿ ಕಟ್ಟಲು ಅಂಕಮ್ಮ ತನ್ನ ಹಳೆಯ ಸೀರೆಯ ಅಂಚನ್ನು ಹರಿಯುತ್ತಿದ್ದಳು. ಬಟ್ಟೆ ಗಟ್ಟಿಯಿತ್ತು. ಹಲ್ಲಿನಲ್ಲಿ ಕಚ್ಚಿ ಎಳೆದಳು.

"ಕತ್ರಿ ತತ್ತೀನಿ ತಡಿಯವ್ವ," ಎಂದಳು ಮಗಳು ಪುಷ್ಪಾ.

"ಕತ್ರಿಗಿತ್ರಿ ಏನೂ ಬ್ಯಾಡ. ನೀನು ಕಾಲು ಇಡ್ಕೊ."

ಚಿಕ್ಕಮಾದಯ್ಯನ ಪಾದಗಳು ಅಗಲ. ಮೂವತ್ತೈದು ವರ್ಷ ಕೆರೆ ಬಯಲಿನ ಕೆಸರು ತುಳಿದು ಬೆರಳುಗಳು ಒಂದೊಂದು ಒಂದೊಂದು ಕಡೆಗೆ ತಿರುಗಿದ್ದವು. ಹತ್ತಿರಕ್ಕೆ ತಂದರೆ ಮತ್ತೆ ಸರಿಯುತ್ತಿದ್ದವು.

"ಬದುಕಿದ್ದಾಗ್ಲೂ ಇಂಗೇ. ಯೋಳಿದ್ ಮಾತು ಒಂದಿನ ಕೇಳ್ನಿಲ್ಲ," ಎನ್ನುತ್ತ ಅಂಕಮ್ಮ ಎರಡು ಸುತ್ತು ಜಾಸ್ತಿ ಸುತ್ತಿ ಗಂಟು ಬಿಗಿದಳು.

ಬಾಗಿಲಲ್ಲಿ ಬೆಳಕು ಮರೆಯಾಯಿತು. ಮಾದಯ್ಯನನ್ನು ಅಣ್ಣ ಎನ್ನುತ್ತಿದ್ದ ಕೆಂಪಸಿದ್ದಯ್ಯ ನಿಂತಿದ್ದ. ಆ ಹೊಸ್ತಿಲ ಹತ್ತಿರ ಅವನು ಬಂದು ಮೂರು ವರ್ಷವಾಗಿತ್ತು. ಅಷ್ಟರಲ್ಲಿ ಅವನು ಕೇರಿಯ ಯಜಮಾನನಾಗಿದ್ದ. ಮಾದಯ್ಯ ಮಾಡುತ್ತಿದ್ದ, ಕೆರೆಯ ನೀರನ್ನು ಗದ್ದೆಗಳಿಗೆ ಬಿಡುವ ನೀರುಗಂಟಿ ಕೆಲಸವೂ ಅವನದೇ ಆಗಿತ್ತು.

"ಅತ್ಗೆಮ್ಮ," ಎಂದ. "ಒಂದ್ ಮಾತದೆ."

"ಅಲ್ಲಿಂದ್ಲೇ ಯೋಳು."

"ಗುಂಡಿ ತೋಡಕ್ಕೆ ಐಕ್ಳು ಒಪ್ತಾ ಇಲ್ಲ. ಕಿರಸ್ತಾನದ ಎಣ ನಮ್ ಮಸಣಕ್ಕೆ ಬ್ಯಾಡ ಅಂತವ್ರೆ. ಪುಟ್ಟಸ್ವಾಮಿ ಗೌಡ್ರೂ ಬಂದವ್ರೆ."

ಪಂಚಾಯ್ತಿ ಮೆಂಬರು ಪುಟ್ಟಸ್ವಾಮಿ ಅಂಗಳದ ಹೊಂಗೆಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದ. ತಮಟೆಯವರು ಇಬ್ಬರು ಹುಲ್ಲಿನ ಬೆಂಕಿಗೆ ತಮಟೆ ಹಿಡಿದು ಕಾಯಿಸುತ್ತ, ಬಾರಿಸುವುದೋ ಬೇಡವೋ ಎಂದು ಅವನ ಮುಖ ನೋಡುತ್ತಿದ್ದರು.

"ನಮ್ಗೇನೂ ದ್ವೇಸ ಇಲ್ಲ ಅಂಕಮ್ಮ," ಎಂದು ಪುಟ್ಟಸ್ವಾಮಿ ಕೂತಲ್ಲಿಂದಲೇ ಹೇಳಿದ. "ಮಾದಯ್ಯ ನಮ್ ಗದ್ದೆಗೆ ಅನ್ಯಾಯ ಮಾಡ್ದೋನಲ್ಲ. ಆದ್ರೆ ಒಂದು ಕಟ್ಟುಪಾಡು ಅಂತ ಇರ್ತದಲ್ಲ?"

ಕೆಂಪಸಿದ್ದಯ್ಯ ದನಿ ತಗ್ಗಿಸಿದ. "ಒಂದು ದಾರಿ ಅದೆ. ಕೊನೆಗಾಲ್ದಲ್ಲಿ ಅಣ್ಣ ಮಾರಮ್ಮನ ತೀರ್ಥ ಕುಡಿದ, ನಮ್ ಕಡಿಕೇ ತಿರುಗ್ದ ಅಂತ ನೀನು ಒಂದ್ ಮಾತು ಯೋಳ್ಬುಡು. ಜೊತೇಲಿ ಇದ್ದೋಳು ನೀನೊಬ್ಳೇ. ನಿನ್ನ ಮಾತ್ನ ಯಾರೂ ತೆಗೆದಾಕಲ್ಲ."

ಅಂಕಮ್ಮ ಬಾಗಿಲಿಂದ ಒಳಗೆ ಸರಿದಳು. ಪುಷ್ಪಾಳ ಗಂಡ ಶಿವು ಫೋನು ಹಿಡಿದು ಮೂಲೆಯಲ್ಲಿ ನಿಂತಿದ್ದ. ಮದ್ದೂರಿನ ಮಂಡಿಯಿಂದ ಎಳನೀರು ಸಾಗಿಸುವವನು. ಸುದ್ದಿ ಕೇಳಿ ಗಾಡಿಯೊಂದಿಗೇ ಬಂದಿದ್ದ.

"ಅತ್ತೆ, ಪಾದ್ರಿಗಳು ಮಾತಾಡುದ್ರು. ಮತಾಂತರದ ಕೇಸಲ್ಲಿ ಅವ್ರ ಮೇಲೂ ಕೋರ್ಟಿನ ಸರತ್ತು ಇರೋದ್ರಿಂದ ಅವ್ರು ಈ ಊರಿಗೆ ಕಾಲಿಡಂಗಿಲ್ಲ. ಎಣ ತಂದ್ಬುಟ್ರೆ ಮಂಡ್ಯದ ಸಮಾಧಿ ಜಾಗದಲ್ಲಿ ಮಾಡೋಣ ಅಂದ್ರು."

"ನಾನು ಸತ್ರೆ ಅಲ್ಲಿ ಮಡಗ್ತಾರಾ?"

ಶಿವು ಹೆಂಡತಿಯ ಮುಖ ನೋಡಿದ. "ಅದು ಕಿರಸ್ತಾನದವ್ರಿಗೇ ಅಂತೆ ಅತ್ತೆ."

ಅಂಕಮ್ಮ ಗೋಡೆಗೆ ಒರಗಿ ಕುಳಿತಳು. ಹತ್ತೊಂಬತ್ತಕ್ಕೇ ಜ್ವರದಲ್ಲಿ ಹೋದ ದೊಡ್ಡ ಮಗಳು ಕವಿತ ಕೇರಿಯ ಮಸಣದಲ್ಲಿದ್ದಳು. ಆ ಮಣ್ಣಿನ ಎಡಕ್ಕೆ ಮಾದಯ್ಯ, ಬಲಕ್ಕೆ ತಾನು ಎಂದು ಗಂಡ ಹೆಂಡತಿ ಎಂದೋ ಜಾಗ ಹಂಚಿಕೊಂಡಿದ್ದರು. ಅದರ ಬಗ್ಗೆ ಮಾತ್ರ ಅವರಲ್ಲಿ ಎಂದೂ ಜಗಳವಾಗಿರಲಿಲ್ಲ.

*

ಕವಿತ ಹೋದ ವರ್ಷ ಮಾದಯ್ಯ ಕುಡಿತಕ್ಕೆ ಬಿದ್ದಿದ್ದ. ತೂಬು ಎತ್ತಿದವನು ಇಳಿಸುವುದನ್ನು ಮರೆತು ಏರಿಯ ಮೇಲೆ ಮಲಗಿಬಿಡುತ್ತಿದ್ದ. ಅವನನ್ನು ಎಬ್ಬಿಸಿ, ಮುಖ ತೊಳೆಸಿ, ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಮಳವಳ್ಳಿಯ ಪ್ರಾರ್ಥನೆಗೆ ಕರೆದುಕೊಂಡು ಹೋದವನು ಕೆಂಪಸಿದ್ದಯ್ಯ. ಅವನು ಆಗಲೇ ವರ್ಷದಿಂದ ಹೋಗುತ್ತಿದ್ದ.

"ನೀನೂ ಬಾರೆ," ಎಂದು ಮಾದಯ್ಯ ಕರೆದರೆ ಅಂಕಮ್ಮ, "ಇಬ್ರೂ ಓದ್ರೆ ಎಮ್ಮೆ ಕರಿಯೋರ್ಯಾರು? ನಂಗೆ ಮಾರಮ್ಮನೇ ಸಾಕು. ನೀನು ಕುಡಿಯೋದು ಬುಟ್ರೆ ಯಾವ್ ದೇವ್ರಾದ್ರೂ ಸೈ," ಎನ್ನುತ್ತಿದ್ದಳು.

ಕುಡಿತ ಬಿಟ್ಟ. ಮನೆಯಲ್ಲಿ ಎರಡು ದೇವರು ನಡೆದವು. ಅವನು ಮುದ್ದೆಯ ಮುಂದೆ ಕಣ್ಣು ಮುಚ್ಚಿ ಕೂತರೆ ಅವಳು, "ಬೇಗ ಮುಗಿಸು, ಸಾರು ಆರೋಯ್ತದೆ," ಎಂದು ಗೊಣಗುತ್ತಿದ್ದಳು.

ಊರಿಗೆ ತೊಡಕಾಗಿದ್ದು ತೂಬಿನ ಪೂಜೆ. ವರ್ಷದ ಮೊದಲ ನೀರು ಬಿಡುವಾಗ ನೀರುಗಂಟಿಯೇ ತೂಬಿಗೆ ಕಾಯಿ ಒಡೆಯಬೇಕು.

"ನೀರು ಬುಡ್ತೀನಿ ಬುದ್ಧಿ. ಕಾಯಿ ಮಾತ್ರ ಬೇರೆ ಯಾರಾದ್ರೂ ಒಡೀಲಿ," ಎಂದ ಮಾದಯ್ಯ. ಊರವರು ಬೈದರು. ಒಂದು ವರ್ಷ ಪಾಲಿನ ಬತ್ತ ಕೊಡಲಿಲ್ಲ. ಆದರೆ ಕೊನೆಯ ಗದ್ದೆಗೂ ಮೊದಲ ಗದ್ದೆಯಷ್ಟೇ ನೀರು ಮುಟ್ಟಿಸುವವನು ಬೇರೆ ಸಿಗಲಿಲ್ಲ. ಕಾಯಿ ಒಡೆಯಲು ಪೂಜಾರಿ ಬಂದ. ಅದು ಹಾಗೇ ರೂಢಿಯಾಯಿತು.

ಭಾನುವಾರಗಳಂದು ಮಾದಯ್ಯನದೂ ಸೇರಿ ಏಳು ಮನೆಯವರು ಅವನ ಮನೆಯಲ್ಲೇ ಸೇರತೊಡಗಿದರು. ಚಾಪೆ ಹಾಸುತ್ತಿದ್ದವಳು, ಕಾಫಿ ಕಾಯಿಸುತ್ತಿದ್ದವಳು ಅಂಕಮ್ಮನೇ.

*

"ಅತ್ತೆ, ಹೊತ್ತಾಗ್ತಾ ಅದೆ," ಎಂದ ಶಿವು.

ಅಂಗಳದಲ್ಲಿ ಆ ಏಳು ಮನೆಗಳಲ್ಲಿ ಆರು ಮನೆಯವರು ನಿಂತಿದ್ದರು. ವಿಭೂತಿ, ಕುಂಕುಮವಿಲ್ಲದ ಬರಿ ಹಣೆ ಒಬ್ಬರದೂ ಇರಲಿಲ್ಲ. ಅವರಲ್ಲಿ ಹಿರಿಯ ಚಿಕ್ಕಬೋರಯ್ಯ ಬಾಗಿಲೊಳಗೆ ಕೂತಿದ್ದ ಅಂಕಮ್ಮನನ್ನು ಕಂಡು ಕಣ್ಣೊರೆಸಿಕೊಂಡ.

"ಅಳು ಬೋರಣ್ಣ, ಅಳು," ಎಂದಳು ಅಂಕಮ್ಮ. "ಈ ಅಂಗ್ಳದಲ್ಲಿ ಕುಡ್ದ ಕಾಪಿ ಎಲ್ಲಾ ಕಣ್ಣಲ್ಲೇ ಬರ್ಲಿ."

ಅವನು ಪುಟ್ಟಸ್ವಾಮಿಯ ಕಡೆ ನೋಡಿ ಟವೆಲನ್ನು ಹೆಗಲಿಗೆ ಹಾಕಿಕೊಂಡು ಹಿಂದೆ ಸರಿದ.

"ಅವ್ವ, ಅಪ್ಪ ಈ ಸುಳ್ಳ ಒಪ್ತಿರ್ನಿಲ್ಲ," ಎಂದು ಪುಷ್ಪಾ ಕಿವಿಯಲ್ಲಿ ಹೇಳಿದಳು.

"ನಿಮ್ಮಪ್ಪ ಓದ. ಅಲ್ಲಿ ಒಬ್ನೇ ಬಿದ್ದಿರೋನೂ ಅವ್ನೇ, ಇಲ್ಲಿ ಒಬ್ಳೇ ಬಿದ್ದಿರೋಳೂ ನಾನೇ. ನೀನು ವರ್ಸಕ್ಕೊಂದ್ಸಲ ಎರಡ್ ಊರಿಗೂ ಹೂವ ತತ್ತೀಯಾ?"



*

ಮತಾಂತರ ನಿಷೇಧದ ಹೊಸ ಕಾನೂನು ಬಂದ ವರ್ಷ, ಒಂದು ಭಾನುವಾರ ಹಾಡು ಅರ್ಧದಲ್ಲಿದ್ದಾಗ, ಶಾಲು ಹೊದ್ದ ಇಪ್ಪತ್ತು ಮೂವತ್ತು ಹುಡುಗರು ನುಗ್ಗಿದರು. ಚಾಪೆ, ಪುಸ್ತಕ, ಕಾಫಿ ಪಾತ್ರೆ ಎಲ್ಲ ಬೀದಿಗೆ ಬಂತು. ಮಾದಯ್ಯನ ಎಡಗಿವಿಗೆ ಬಿದ್ದ ಏಟಿಗೆ ಆ ಕಿವಿ ಮತ್ತೆ ಕೇಳಿಸಲಿಲ್ಲ.

ಮಾರನೆಯ ದಿನ ಠಾಣೆಯಲ್ಲಿ ಒಂದು ಕಾಗದ ಓದಿದರು. ಅಕ್ಕಿ, ಬಟ್ಟೆಯ ಆಸೆ ತೋರಿಸಿ ಚಿಕ್ಕಮಾದಯ್ಯ ತನ್ನನ್ನು ಮತಾಂತರ ಮಾಡಿದನೆಂದು ಅದರಲ್ಲಿತ್ತು. ಕೆಳಗೆ ಕೆಂಪಸಿದ್ದಯ್ಯನ ರುಜು.

ಮಾದಯ್ಯ ಬಲಗಿವಿಯನ್ನು ಮುಂದೆ ಮಾಡಿ, ಇನ್ನೊಮ್ಮೆ ಓದಿ ಎಂದು ಕೇಳಿದ. ಇನ್ನೊಮ್ಮೆ ಓದಿದರು.

"ನೀನೇ ಬರ್ಸಿದ್ದೇನ್ಲಾ ಸಿದ್ದ?"

ಕೆಂಪಸಿದ್ದಯ್ಯ ನೆಲ ನೋಡುತ್ತ, "ಊಂ," ಎಂದ.

"ಸಾರ್, ಇವ್ನೇ ಸಾರ್ ಸೈಕಲ್ಲಲ್ಲಿ ಕರ್ಕೊಂಡೋಗಿದ್ದು!" ಎಂದು ಅಂಕಮ್ಮ ಬೆಂಚಿನಿಂದ ಎದ್ದು ಕೂಗಿದಳು.

"ಸುಮ್ಕಿರೆ," ಎಂದ ಮಾದಯ್ಯ. "ಒಬ್ರು ಒಳಕ್ಕೋದ್ರೆ ಸಾಕು."

ಸಾಹೇಬರು ಬುದ್ಧಿ ಹೇಳಿದರು. ಗುಡಿಗೆ ಹೋಗಿ ತೀರ್ಥ ಕುಡಿದು, ತಪ್ಪಾಯ್ತು ಅಂತ ಬರೆದುಕೊಟ್ಟರೆ ಸಂಜೆಗೆ ಮನೆ. ಉಳಿದ ಆರು ಮನೆಯವರೂ ಒಪ್ಪಿದ್ದಾರೆ.

"ಅವ್ರಿಗೆ ಆಯ್ತದೆ ಸಾರ್. ನಂಗೆ ಆಗಲ್ಲ."

ಹತ್ತೊಂಬತ್ತು ದಿನ ಜೈಲಿನಲ್ಲಿದ್ದು ಬಂದಾಗ ತೂಬು ಎತ್ತುವ ಸಲಾಕೆ ಕೆಂಪಸಿದ್ದಯ್ಯನ ಮನೆ ಸೇರಿತ್ತು. ಆದರೂ ಮಾದಯ್ಯ ಬೆಳಗಾದರೆ ಕಾಲುವೆ ಮೇಲೆ ನಡೆಯುತ್ತಿದ್ದ. ಏಡಿ ಕೊರೆದ ತೂತು ಕಂಡರೆ ಕೂತು ಮಣ್ಣು ಮೆತ್ತುತ್ತಿದ್ದ.

"ಅವ್ನ ಕೆಲ್ಸ ನಿಂಗ್ಯಾಕೆ? ನಾಚ್ಕೆ ಆಗಾಕಿಲ್ವಾ?" ಎಂದು ಅಂಕಮ್ಮ ರೇಗುತ್ತಿದ್ದಳು.

"ನೀರಿಗೇನು ಗೊತ್ತೆ, ಈಗ ಯಾರು ನೀರುಗಂಟಿ ಅಂತ?"

ಹಾಗೆಂದು ಅವನಿಗೆ ಸಿಟ್ಟಿಲ್ಲವೆಂದಲ್ಲ. ಸಿದ್ದನ ಕಬ್ಬಿಗೆ ಹಂದಿ ಬೀಳಲಿ ಎಂದು ಒಂದು ದಿನ ಮುದ್ದೆಯ ಮುಂದೆಯೇ ಪ್ರಾರ್ಥನೆ ಮಾಡಿದ. ಅಂಕಮ್ಮ ನಕ್ಕರೆ, "ದೇವ್ರಿಗೆ ಇದ್ದದ್ದು ಇದ್ದಂಗೆ ಯೋಳ್ಬೇಕು ಕಣೆ," ಎಂದ. ಮಾರನೆಯ ದಿನ ಅದನ್ನು ವಾಪಸು ತೆಗೆದುಕೊಳ್ಳಲು ಬಹಳ ಹೊತ್ತು ಕಣ್ಣು ಮುಚ್ಚಿ ಕೂತ. ಸಾರು ಆರಿಯೇ ಹೋಯಿತು.

*

ಅಂಕಮ್ಮ ಹೊಸ್ತಿಲಿಗೆ ಬಂದು ನಿಂತಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಕುಡ್ದ," ಎಂದಳು. "ತೀರ್ಥ ಕುಡ್ದ. ಓದ್ ಸುಕ್ರವಾರ."

ಅದು ಸುಳ್ಳು. ಅಷ್ಟು ಸುಲಭವಾಗಿ ಬಾಯಿಂದ ಬಂತಲ್ಲ ಎಂದು ಅವಳಿಗೇ ಅನ್ನಿಸಿತು. ಹಾಲಿಗೆ ನೀರು ಬೆರೆಸಿಲ್ಲ ಎಂದು ಡೈರಿಯವನಿಗೆ ಹೇಳಿದಷ್ಟೇ ಸುಲಭ.

ಪುಟ್ಟಸ್ವಾಮಿ ಕುರ್ಚಿಯಿಂದ ಎದ್ದ. "ಅಷ್ಟೇ ಸಾಕು. ಓಗ್ರುಲಾ, ಆರೆ ಗುದ್ಲಿ ತಗೊಂಡು ಓಗ್ರಿ," ಎಂದು ಹುಡುಗರನ್ನು ಕಳಿಸಿದ. ತಮಟೆಗೆ ಮೊದಲ ಪೆಟ್ಟು ಬಿತ್ತು. ಯಾರೋ ವಿಭೂತಿ ತಂದರು. ಹೆಂಗಸರು ಸತ್ತವನ ಬಾಯಿಗೆ ಹಾಕುವ ಬಾಯಿಗಕ್ಕಿಯನ್ನು ಮೊರದಲ್ಲಿ ತಂದಿಟ್ಟರು.

ಕೆಂಪಸಿದ್ದಯ್ಯ ಎಲ್ಲರಿಗಿಂತ ಮುಂದೆ ಬಂದು ಮೊರಕ್ಕೆ ಕೈ ಹಾಕಿದ. ಅವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಆದರೆ ಮುಖ ಅಳುವವನ ಮುಖವಾಗಿರಲಿಲ್ಲ. ಬಹಳ ದೂರ ಹೊತ್ತ ಮೂಟೆ ಇಳಿಸಿದವನ ಹಾಗೆ ಅವನ ಹೆಗಲು ಸಡಿಲವಾಗಿತ್ತು.

"ಮೊದ್ಲು ನಾನ್ ಆಕ್ತೀನಿ ಅತ್ಗೆಮ್ಮ," ಎಂದ. "ನಂಗೊತ್ತಿತ್ತು. ಮೂರ್ ವರ್ಸ ಸರ್ಯಾಗಿ ಉಂಡಿಲ್ಲ ನಾನು. ನಾನೊಬ್ನೇ ತಪ್ಪು ಮಾಡ್ದೆ, ಅಣ್ಣ ಮಾಡ್ನಿಲ್ಲ ಅಂತ. ಈಗ ನೋಡು, ಕೊನೆಗೆ ಅಣ್ಣಾನೂ ನನ್ನಂಗೇ. ಎಲ್ರೂ ಅಷ್ಟೇ ಕಣವ್ವ. ಎಲ್ರೂ ಅಷ್ಟೇ."

ಅವನು ಹೆಣದ ತಲೆಯ ಹತ್ತಿರ ಬಗ್ಗಿದ.

"ತಡಿ," ಎಂದಳು ಅಂಕಮ್ಮ.

ಅವನು ಕೈ ತಡೆದ.

"ತಿರುಗ್ನಿಲ್ಲ."

"ಏನು?"

"ನನ್ ಗಂಡ ತಿರುಗ್ನಿಲ್ಲ. ನಾನು ಯೋಳಿದ್ದು ಸುಳ್ಳು." ಅವಳ ದನಿ ಅಂಗಳದವರೆಗೂ ಹೋಯಿತು. ತಮಟೆ ನಿಂತಿತು. "ಓದ್ ಸುಕ್ರವಾರ ನಾನೇ ತೀರ್ಥ ತಂದು ಬಾಯಿ ತಾವ ಇಡ್ದೆ. ಕಾಲ್ ಇಡ್ಕೊಂಡು ಕೇಳ್ದೆ, ಒಂದ್ ಗುಟ್ಕು ಕುಡಿ, ಕವಿತನ ಪಕ್ಕ ಮಲಗ್ಬೋದು ಅಂತ. ನಕ್ಬುಟ್ಟ. ಇಷ್ಟ್ ದೂರ ಬಂದಿವ್ನಿ, ಈಗ ತಿರುಗುದ್ರೆ ದಾರಿ ತಪ್ತದೆ ಕಣೆ ಅಂದ. ಊರ್ನೋರಿಗೆ ಬೇಕಾದ್ರೆ ನೂರು ಸುಳ್ಳು ಯೋಳ್ತಿದ್ದೆ ಸಿದ್ದಯ್ಯ. ನಿಂಗೆ ಈ ಸುಳ್ಳ ಕೊಡಾಕಿಲ್ಲ."

ಕೆಂಪಸಿದ್ದಯ್ಯ ಬಗ್ಗಿದವನು ಬಗ್ಗಿದಂತೆಯೇ ಇದ್ದ.

"ಶಿವು, ಗಾಡಿ ಇಲ್ಲಿಗೆ ತತ್ತಾ," ಎಂದಳು.

ಪುಟ್ಟಸ್ವಾಮಿ ನಿಟ್ಟುಸಿರುಬಿಟ್ಟ. "ಕೈಗೆ ಬಂದಿದ್ನ ನೀನೇ ಚೆಲ್ಕಂಡೆ ಅಂಕಮ್ಮ," ಎಂದು ಬೈಕು ಹತ್ತಿದ. ಗುದ್ದಲಿ ಹಿಡಿದು ಹೊರಟಿದ್ದ ಹುಡುಗರನ್ನು ದಾರಿಯಲ್ಲೇ ವಾಪಸು ಕರೆದದ್ದು ಕೇಳಿಸಿತು. ಹೆಂಗಸರು ಮೊರ ಎತ್ತಿಕೊಂಡು ಹೋದರು. ಚಿಕ್ಕಬೋರಯ್ಯ ಒಂದು ಹೆಜ್ಜೆ ಮುಂದೆ ಇಟ್ಟ. ಅವನ ಮಗ ತೋಳು ಹಿಡಿದು ಕರೆದೊಯ್ದ.

ಶಿವು ಗಾಡಿಯಲ್ಲಿ ಉಳಿದಿದ್ದ ಎಳನೀರು ಗೊನೆಗಳನ್ನು ಕೆಳಗಿಳಿಸಿ ಚಾಪೆ ಹಾಸಿದ. ಹೆಣವನ್ನು ಕಂಬಳಿಯಲ್ಲಿ ಎತ್ತಲು ಮೂರೇ ಜನ. ತಲೆಯ ಕಡೆ ಅಂಕಮ್ಮ, ಪುಷ್ಪಾ. ಕಾಲ ಕಡೆ ಶಿವು. ನಾಲ್ಕನೆಯ ಮೂಲೆಯಲ್ಲಿ ಕಂಬಳಿ ಜೋತು ಬಿದ್ದು ನೆಲಕ್ಕೆ ತಾಗಿತು. ಮೂರು ಮಾರು ದೂರದಲ್ಲಿ, ಅಂಗಳಕ್ಕೆ ಸರಿದು ಬಂದಿದ್ದ ಕೆಂಪಸಿದ್ದಯ್ಯ ನಿಂತಿದ್ದ. ಅಂಕಮ್ಮ ಒಂದು ಸಲ ಅವನತ್ತ ನೋಡಿದಳು. ಅವನು ಅಲುಗಾಡಲಿಲ್ಲ.

ಗಾಡಿ ಮಂಡ್ಯದ ದಾರಿಗೆ ತಿರುಗಿತು. ಅಂಕಮ್ಮ ಹಿಂದೆ ಕೂತು, ಅಲುಗದಂತೆ ಗಂಡನ ತಲೆಯನ್ನು ತೊಡೆಗೆ ಒತ್ತಿಕೊಂಡಿದ್ದಳು.

ಖಾಲಿ ಅಂಗಳದಲ್ಲಿ ಕೆಂಪಸಿದ್ದಯ್ಯ ಬಾಯಿಗಕ್ಕಿಯ ಮುಷ್ಟಿಯನ್ನು ಎದೆಯ ಮಟ್ಟಕ್ಕೆ ಹಿಡಿದು ನಿಂತೇ ಇದ್ದ. ಅಂಕಮ್ಮನ ಕೋಳಿಗಳು ಒಂದೊಂದಾಗಿ ಅವನ ಕಾಲಿನ ಸುತ್ತ ಸೇರಿ, ಕತ್ತು ಓರೆ ಮಾಡಿ, ಆ ಮುಚ್ಚಿದ ಕೈಯನ್ನೇ ನೋಡುತ್ತಿದ್ದವು.