ಕೂಸಿನ ಮೈಗೆ ಗಾಳಿ

ಹರದನಹಳ್ಳಿಯ ವೃಷಭೇಂದ್ರಪ್ಪನವರು ತಮ್ಮ ಇಬ್ಬರು ಮಕ್ಕಳಲ್ಲಿ ಒಬ್ಬರನ್ನೂ ಎತ್ತಿ ಆಡಿಸಿದವರಲ್ಲ. ಅವರ ಕಾಲದಲ್ಲಿ ಹಿರಿಯರ ಕಣ್ಣೆದುರು ಗಂಡಸು ತನ್ನ ಕೂಸನ್ನು ಎತ್ತಿಕೊಂಡರೆ ನಾಚಿಕೆಗೇಡು ಅನ್ನುತ್ತಿದ್ದರು. ಅಂಥವರ ಪಾಲಿಗೆ ಈ ವಯಸ್ಸಿನಲ್ಲಿ ಏಳು ತಿಂಗಳ ಮೊಮ್ಮಗಳು ಮೇಘನಾಳನ್ನು ನೋಡಿಕೊಳ್ಳುವ ಕೆಲಸ ಬಂತು. ಹೆಂಡತಿ ನಾಗರತ್ನ ಮಗಳ ಬಾಣಂತನಕ್ಕೆಂದು ಗುಂಡ್ಲುಪೇಟೆಗೆ ಹೋಗಿದ್ದರು. ಮಗ ಸೋಮೇಶ್ ಬಸ್ ಕಂಡಕ್ಟರ್, ದಿನ ಬಿಟ್ಟು ದಿನ ಮನೆ ಸೇರುವವನು. ಸೊಸೆ ಶಿವರಂಜನಿಯ ರಜೆ ಮುಗಿದಿತ್ತು. ಚಾಮರಾಜನಗರದ ಶಾಲೆಗೆ ಪಾಠ ಮಾಡಲು ಹೋಗಲೇಬೇಕಿತ್ತು.

"ನಾನ್ ನೋಡ್ಕತೀನಿ, ನೀನು ಓಗವ್ವ," ಎಂದು ಮುಂದಾಗಿ ಹೇಳಿದವರು ಅವರೇ.

ರಾಗಿ ಸರಿ ಉಣಿಸುವುದು, ಕೊಟ್ಟಿಗೆಯ ಕರು ತೋರಿಸುವುದು, ತೊಟ್ಟಿಲು ತೂಗುವುದು ಎಲ್ಲ ಬೇಗ ಒಗ್ಗಿತು. ಒಗ್ಗದೇ ಹೋದದ್ದು ಡೈಪರ್ ಒಂದೇ. ಶಿವರಂಜನಿ ಮೊದಲ ದಿನವೇ ಬಿಚ್ಚಿ ಹಾಕಿ ತೋರಿಸಿದ್ದಳು. ಸೊಸೆಯ ಪಕ್ಕ ನಿಂತು ಅದನ್ನು ಕಲಿಯಲು ಸಂಕೋಚವಾಗಿ ಅವರು ಗೋಡೆ ನೋಡುತ್ತಲೇ "ಗೊತ್ತಾಯ್ತು, ಗೊತ್ತಾಯ್ತು" ಅಂದುಬಿಟ್ಟಿದ್ದರು. ಪಕ್ಕದ ಮನೆಯ ಮರಿತಾಯಮ್ಮ ಮನೆಯಲ್ಲಿದ್ದ ದಿನ ಮಧ್ಯಾಹ್ನ ಬಂದು ಬದಲಾಯಿಸಿ ಹೋಗುತ್ತಿದ್ದಳು. ಆಕೆ ಕಳೆ ಕೀಳಲು ಹೋದ ದಿನ ಬೆಳಿಗ್ಗೆ ಹಾಕಿದ್ದೇ ಸಂಜೆಯವರೆಗೂ ಇರುತ್ತಿತ್ತು. ಮೇಲಿನಿಂದ ಮುಟ್ಟಿದರೆ ಒಣಗಿಯೇ ಇರುತ್ತಿತ್ತಾದ್ದರಿಂದ ಅವರಿಗೆ ಅದು ತಪ್ಪೆಂದು ತೋರಲಿಲ್ಲ.

ಒಂದು ಗುರುವಾರ ಕೂಸು ಕೂತಲ್ಲಿ ಕೂರದೆ ಅಳತೊಡಗಿತು. ಹೊಟ್ಟೆನೋವಿರಬಹುದೆಂದು ಬೆನ್ನು ಸವರಿದರು. ಬೀದಿಗೆ ಎತ್ತಿಕೊಂಡು ಹೋದರು. ಅಳು ನಿಲ್ಲಲಿಲ್ಲ. ಕೊನೆಗೆ ಧೈರ್ಯ ಮಾಡಿ ಡೈಪರ್ ಬಿಚ್ಚಿದರು. ಕುಂಡಿ, ತೊಡೆ ಎಲ್ಲ ಬಿಸಿನೀರು ಬಿದ್ದಂತೆ ಕೆಂಪಗಾಗಿತ್ತು. ಒಂದೆರಡು ಕಡೆ ಚರ್ಮ ಬಿರಿದಿತ್ತು.

ಗಾಯ ಎಂದರೆ ಅವರಿಗೆ ಗೊತ್ತಿದ್ದ ಮದ್ದು ಅರಿಶಿನ. ತಮ್ಮದೇ ಹೊಲದ್ದು, ಮನೆಯಲ್ಲೇ ಕುಟ್ಟಿದ್ದು. ಮೊದಲು ಸೋಪು ಹಾಕಿ ತೊಳೆದರು. ಆಮೇಲೆ ಕೊಬ್ಬರಿಎಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿದರು. ಕೂಸು ಒಮ್ಮೆಗೇ ಉಸಿರುಕಟ್ಟಿ, ಮುಖ ನೀಲಿಗಟ್ಟುವಂತೆ ಚೀರಿತು. ವೃಷಭೇಂದ್ರಪ್ಪನವರು ಎಣ್ಣೆಗೈಯಲ್ಲೇ ಅದನ್ನು ಹೆಗಲಿಗೆ ಹಾಕಿಕೊಂಡು, "ತಪ್ಪಾಯ್ತು ಕಣವ್ವ, ತಪ್ಪಾಯ್ತು," ಎನ್ನುತ್ತಾ ಮನೆಯ ತುಂಬ ಓಡಾಡಿದರು.

ಸಂಜೆ ಶಿವರಂಜನಿ ಬಂದು ನೋಡಿದಳು. ಬೈಯಲಿಲ್ಲ. ಕೂಸನ್ನು ಎತ್ತಿಕೊಂಡು ಕೋಣೆಗೆ ಹೋದಳು. ಸ್ವಲ್ಪ ಹೊತ್ತಿಗೆ ಚಂದಕವಾಡಿಯಲ್ಲಿದ್ದ ತನ್ನ ತಾಯಿಯ ಜೊತೆ ಫೋನಿನಲ್ಲಿ ಮಾತಾಡುವುದು ಪಡಸಾಲೆಗೆ ಕೇಳಿಸಿತು.

"ಮಗೀನ ಅಲ್ಲೇ ತಂದು ಬುಡ್ತೀನಿ ಕಣವ್ವ. ಮಾವಂಗೆ ಏನಂತ ಹೇಳ್ಲಿ? ಪಾಪ, ವಯಸ್ಸಾದೋರು."

ಆ 'ಪಾಪ' ಎಂಬ ಮಾತು ಅವರನ್ನು ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

ಮಾರನೆಯ ಬೆಳಿಗ್ಗೆ ಅವಳು ರಜೆ ಹಾಕಿ ಆಸ್ಪತ್ರೆಗೆ ಹೊರಟಾಗ ವೃಷಭೇಂದ್ರಪ್ಪನವರು ಅವಳಿಗಿಂತ ಮೊದಲೇ ಆಟೋದಲ್ಲಿ ಕೂತಿದ್ದರು.

"ನೀವ್ಯಾಕೆ ಮಾವ?"

"ಹಚ್ಚುದೋನು ನಾನು. ಡಾಕ್ಟ್ರು ಕೇಳುದ್ರೆ ನಾನೇ ಹೇಳ್ಬೇಕಲ್ಲವ್ವ."

ಮಕ್ಕಳ ಡಾಕ್ಟರು ಅವರ ಮಗಳ ವಯಸ್ಸಿನ ಹೆಂಗಸು. ಏನು ಹಚ್ಚಿದಿರಿ ಎಂದು ಕೇಳಿದಾಗ ಅವರು ಸೋಪು, ಅರಿಶಿನ, ಬೆಳಿಗ್ಗೆಯಿಂದ ಸಂಜೆಯವರೆಗಿನ ಡೈಪರ್ ಎಲ್ಲವನ್ನೂ ತಲೆ ತಗ್ಗಿಸಿ ಹೇಳಿದರು.

"ಹೆದರಬೇಡಿ ತಾತ, ಇದು ಎಷ್ಟೋ ಮಕ್ಕಳಿಗೆ ಆಗುತ್ತೆ," ಎಂದರು ಡಾಕ್ಟರು. "ಒದ್ದೆ ಒಳಗೇ ನಿಂತರೆ ಚರ್ಮ ಮೆತ್ತಗಾಗುತ್ತೆ. ಮೇಲೆ ಡೈಪರ್ ಉಜ್ಜಿದರೆ ಬಿರಿಯುತ್ತೆ. ಬಿರಿದ ಚರ್ಮಕ್ಕೆ ಅರಿಶಿನ, ಸೋಪು, ಪೌಡರು ಎಲ್ಲಾ ಉರಿ. ಬರೀ ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಉಜ್ಜದೆ ಬಟ್ಟೆ ಒತ್ತಿ ಒರೆಸಿ. ಪೂರ್ತಿ ಒಣಗಿದ ಮೇಲೆ ಈ ಬಿಳಿ ಮುಲಾಮು ದಪ್ಪಕ್ಕೆ ಹಚ್ಚಿ. ಎರಡು ಮೂರು ಗಂಟೆಗೊಮ್ಮೆ ಡೈಪರ್ ಬದಲಾಯಿಸಿ, ಕಕ್ಕ ಮಾಡಿದರೆ ಆಗಲೇ. ಆದಷ್ಟು ಹೊತ್ತು ಬಿಚ್ಚಿ ಗಾಳಿಗೆ ಬಿಡಿ."

ತೊಡೆಸಂದಿಯನ್ನು ಬಿಡಿಸಿ ನೋಡಿ, ಅಲ್ಲಿ ಕೆಂಪು ಚುಕ್ಕೆಗಳು ಎದ್ದರೆ, ಗುಳ್ಳೆಯೋ ಕೀವೋ ಕಂಡರೆ, ಜ್ವರ ಬಂದರೆ, ಎರಡು ಮೂರು ದಿನದಲ್ಲಿ ಇಳಿಯದಿದ್ದರೆ ತಡಮಾಡದೆ ಕರೆತರಲು ಹೇಳಿದರು.

"ಹೆಂಗೆ ಹಚ್ಚೋದು ಅಂತ ಒಂದ್ಸಲ ತೋರುಸ್ತೀರಾ?" ಎಂದು ಕೇಳಿ ವೃಷಭೇಂದ್ರಪ್ಪನವರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು.

ವಾಪಸು ಬರುವಾಗ ಆಟೋದಲ್ಲಿ ಅವರೇ ಮಾತು ತೆಗೆದರು. "ಚಂದಕವಾಡಿಗೆ ಬುಡ್ಬೇಕು ಅನ್ಸುದ್ರೆ ಬುಡವ್ವ. ನಂಗೇನೂ ಬೇಜಾರಿಲ್ಲ."

ಶಿವರಂಜನಿ ಮಡಿಲಲ್ಲಿ ಮಲಗಿದ್ದ ಕೂಸಿನ ತಲೆಯನ್ನು ನೇವರಿಸಿದಳು.

"ಮೊನ್ನೇನೇ ಸ್ವಲ್ಪ ಕೆಂಪಗಿತ್ತು ಮಾವ. ನಾನೂ ನೋಡ್ದೆ. ಸೆಕೆಗೆ ಇರ್ಬೇಕು ಅಂತ ಮೇಲೆ ಪೌಡ್ರು ಹಾಕಿ ಶಾಲೆಗೆ ಹೋಗ್ಬುಟ್ಟೆ. ಒಂದ್ನಾಕು ದಿನ ನೋಡನ."

ಅಂದಿನಿಂದ ಜಗಲಿಯ ಮೇಲೆ ಹಳೆಯ ಮೆತ್ತನೆ ಪಂಚೆ ಹಾಸಿ, ಕೂಸನ್ನು ಬರಿಮೈಯಲ್ಲಿ ಆಡಲು ಬಿಟ್ಟು ಅವರು ಪಕ್ಕದಲ್ಲೇ ಕೂರತೊಡಗಿದರು. ಒಂದು ಬೆಳಿಗ್ಗೆ ಹೊಲದ ಕೆಲಸ ನೋಡಿಕೊಳ್ಳುವ ಚಿಕ್ಕಣ್ಣ ಅರಿಶಿನದ ಬಿತ್ತನೆಯ ವಿಚಾರ ಮಾತಾಡಲು ಬಂದಿದ್ದ. ಮಾತಿನ ನಡುವೆ ಅಜ್ಜನ ತೊಡೆಯ ಮೇಲಿದ್ದ ಕೂಸು ಉಚ್ಚೆ ಹೊಯ್ದಿತು.

"ಯಜಮಾನ್ರೆ, ಪಂಚೆ ನೆಂದೋಯ್ತು."

"ನೆನೀಲಿ ಬುಡ್ಲಾ, ಒಳಗೆ ಇನ್ನೊಂದೈತೆ. ನೀನು ಬಿತ್ತನೆ ಮಾತು ಹೇಳು," ಎನ್ನುತ್ತಾ ಅವರು ಪಕ್ಕದಲ್ಲಿಟ್ಟಿದ್ದ ನೀರಿನಲ್ಲಿ ಬಟ್ಟೆ ಅದ್ದಿದರು.

ಕೆಂಪು ಇಳಿಯುತ್ತಾ ಬಂದಾಗ ಅವರನ್ನು ಬೆಚ್ಚಿಸಿದ್ದು ಇನ್ನೊಂದು. ಕೆಂಪಗಿದ್ದ ಜಾಗದಲ್ಲಿ ಚರ್ಮ ಈರುಳ್ಳಿಯ ಒಳಪೊರೆಯ ಹಾಗೆ ತೆಳ್ಳಗೆ ಸುಲಿಯತೊಡಗಿತ್ತು. ಶಾಲೆಗೆ ಫೋನು ಮಾಡಿ, "ಸುಲೀತಾ ಅದೆ ಕಣವ್ವ, ನಾನು ಒತ್ತಿ ಒರುಸ್ದೆ ಅಷ್ಟೇ, ಉಜ್ಜಲೇ ಇಲ್ಲ," ಎಂದರು.

ಶಿವರಂಜನಿ ಡಾಕ್ಟರನ್ನು ವಿಚಾರಿಸಿ ತಾನೇ ತಿರುಗಿ ಫೋನು ಮಾಡಿದಳು.

"ಸುಲಿದ ಕೆಳಗೆ ಹೆಂಗದೆ ಮಾವ? ಒದ್ದೆ ಅದಾ, ಕೀವೇನಾರ ಕಾಣ್ತದಾ?"

"ಇಲ್ಲ. ಒಣಗಿ ಅದೆ. ನಸುಗೆಂಪಗೆ, ನುಣ್ಣಗದೆ."

"ಪಾಪು ಆಡ್ತಾ ಅದಾ?"

"ನನ್ನ ಕನ್ನಡಕ ಕಿತ್ಕಂಡು ಚೀಪ್ತಾ ಅದೆ."

"ಹಂಗಾದ್ರೆ ವಾಸಿ ಆಯ್ತಾ ಅದೆ ಅಂತೆ. ಸಿಪ್ಪೆ ಕೀಳ್ಬೇಡಿ, ತಾನಾಗೇ ಉದುರ್ತದಂತೆ." ಅವಳು ಸೇರಿಸಿದಳು, "ಅವ್ವಂಗೆ ಬ್ಯಾಡ ಅಂದೆ ಮಾವ. ಕೂಸು ಇಲ್ಲೇ ಇರ್ಲಿ."

ಅವರು "ಹೂಂ" ಎಂದು ಫೋನು ಇಟ್ಟರು. ಎಷ್ಟೋ ಹೊತ್ತು ಕೂಸಿನ ಪಾದವನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು.

ಬಾಣಂತನ ಮುಗಿಸಿ ಬಂದ ನಾಗರತ್ನ ಮೊದಲ ದಿನವೇ ಮೊಮ್ಮಗಳಿಗೆ ಎಣ್ಣೆ ತಿಕ್ಕಿ, ಕಡಲೆಹಿಟ್ಟು ಹಾಕಿ ನೀರು ಹೊಯ್ಯಲು ಕೂತರು. ಬಚ್ಚಲ ಬಾಗಿಲಲ್ಲಿ ಗಂಡ ನಿಂತಿದ್ದನ್ನು ಕಂಡು ಅವರಿಗೆ ಆಶ್ಚರ್ಯ. ಮೂವತ್ತು ಚಿಲ್ಲರೆ ವರ್ಷದ ಸಂಸಾರದಲ್ಲಿ ಕೂಸಿಗೆ ನೀರು ಹೊಯ್ಯುವಾಗ ಗಂಡ ಆ ಬಾಗಿಲಿಗೆ ಬಂದವರೇ ಅಲ್ಲ.

"ಅಂಗೆ ಗಸಗಸ ಉಜ್ಬೇಡ್ವೆ. ಈಗಷ್ಟೇ ಮೈ ಕೂಡ್ಕಂಡದೆ."

"ಓಹೋ, ನಂಗೇ ಹೇಳ್ಕೊಡಾಕೆ ಬಂದ್ರಾ?"

"ಹೂಂ ಮತ್ತೆ. ಕೊಡಿಲ್ಲಿ ಆ ಒರೆಸೋ ಬಟ್ಟೆಯ," ಎಂದು ವೃಷಭೇಂದ್ರಪ್ಪನವರು ಪಂಚೆ ಮೇಲೆತ್ತಿ ಕಟ್ಟಿ ಒಳಗೆ ಬಂದು ಕೂತರು.