ಎರಡೂ ಎಡಗಡೆಯ ಹಲಗೆಗಳು

ಮುಬಶೀರ್ ಮರಗೆಲಸದ ಶೆಡ್ಡಿನಿಂದ ಎರಡು ಹಲಗೆಗಳನ್ನು ಎಳೆದು ತಂದು ಅಂಗಳದಲ್ಲಿ ಕೆಡವಿದ. ಹಿತ್ತಲಲ್ಲಿ ಅವನ ಅಣ್ಣ ಅಬ್ದುಲ್ ವಹಾಬನ ಹೆಣಕ್ಕೆ ಸ್ನಾನ ಮಾಡಿಸುತ್ತಿದ್ದರು. ಗೋರಿಯೊಳಗೆ ಹೆಣದ ಮೇಲೆ ಮಣ್ಣು ಬೀಳದಂತೆ ಅಡ್ಡ ಇಡಲು ಹಲಗೆ ಬೇಕಿತ್ತು. ಭಾನುವಾರವಾದ್ದರಿಂದ ಬೀರೂರಿನ ಟಿಂಬರ್ ಡಿಪೊಗಳು ಮುಚ್ಚಿದ್ದವು.

"ಇವೇ ಸಾಕು. ಮೂರ್ ಮೂರು ತುಂಡು ಮಾಡಿದ್ರೆ ಮುಗೀತು. ಹೆಂಗೂ ಹಾಳಾದ ಮರ. ಎರಡೂ ಎಡಗಾಲಿನ ಚಪ್ಪಲಿ."

ಕುರ್ಚಿಯಲ್ಲಿ ಕೂತಿದ್ದ ದೇವರಾಜ ನಕ್ಕ. ಸಾವಿನ ಮನೆ ಎಂಬುದು ನೆನಪಾಗಿ ಕೆಮ್ಮಿದ. ಪರೀಕ್ಷೆಗೆ ಓದುವ ಹುಡುಗರಿಗಾಗಿ ಕಡೂರಿನಲ್ಲಿ ಸ್ಟಡಿ ಸೆಂಟರ್ ನಡೆಸುವವನು ಅವನು. ಅಲ್ಲಿಗೆ ಬೇಕಾದ ಪುಸ್ತಕದ ಕಪಾಟುಗಳನ್ನೆಲ್ಲ ವಹಾಬನಿಗೆ ವಹಿಸಿದ್ದ. ಈ ಹಲಗೆಗಳು ಮೊದಲ ಕಪಾಟಿನ ಎರಡು ಪಕ್ಕಗಳು.

"ಮಿಕ್ಕಿದ ಕೆಲಸಕ್ಕೆ ತರೀಕೆರೆಯಿಂದ ಒಬ್ಬ ಬಡಗೀನ ಕರೆಸ್ತೀನಿ ಸಾರ್," ಅಂದ ಮುಬಶೀರ್. "ನಾಳೆನೇ ಈ ಶೆಡ್ಡಲ್ಲಿ ಕೂರಿಸ್ತೀನಿ."

"ಬ್ಯಾಡ ಚಾಚಾ, ನಾನೇ ಮಾಡ್ತೀನಿ."

ವಹಾಬನ ಮಗಳು ಶಿರೀನ್ ತಾಜ್ ಬಾಗಿಲಲ್ಲಿ ನಿಂತಿದ್ದಳು. ಎಸ್ಸೆಸ್ಸೆಲ್ಸಿ ಬಿಟ್ಟಾಗಿನಿಂದ ಅದೇ ಶೆಡ್ಡಿನಲ್ಲಿ ಉಳಿ ಹಿಡಿದವಳು. ಬೇರೆ ಕೆಲಸ ಗೊತ್ತಿರಲಿಲ್ಲ.

ದೇವರಾಜ ಹಲಗೆಗಳತ್ತ ಕೈ ತೋರಿಸಿದ. "ಇದನ್ನ ಹಾಳು ಮಾಡಿದವಳು ನೀನೇ ಅಲ್ವೇನಮ್ಮ?"

*

ಅಡ್ಡ ಹಲಗೆಗಳು ಕೂರುವ ಕಚ್ಚುಗಳನ್ನು ಗುರುತು ಮಾಡುವಾಗ ವಹಾಬ್ ಒಂದೊಂದು ಪಕ್ಕವನ್ನೂ ಬೇರೆ ಬೇರೆ ಅಳೆಯುತ್ತಿರಲಿಲ್ಲ. ಎರಡನ್ನೂ ನೆಲದ ಮೇಲೆ ಜೋಡಿಸಿ ಮಲಗಿಸಿ, ಮೂಲೆಮಟ್ಟ ಇಟ್ಟು, ಒಂದೇ ಗೆರೆ ಎಳೆಯುತ್ತಿದ್ದ. ಆಗ ಅಡ್ಡ ಹಲಗೆ ಓರೆಯಾಗುವ ಮಾತೇ ಇಲ್ಲ. ಆದರೆ ಜೋಡಿಸುವಾಗ ಎರಡರ ಮುಂದಿನ ಅಂಚುಗಳು ಒಂದಕ್ಕೊಂದು ತಾಗಿರಬೇಕು. ಕಚ್ಚು ಎದುರಿನಿಂದ ಕಾಣಬಾರದು. ಮುಂದಿನ ಅಂಚಿಗೆ ಒಂದು ಇಂಚು ಇರುವಾಗಲೇ ನಿಲ್ಲಬೇಕು.

ಸಕ್ಕರೆ ಕಾಯಿಲೆಯಿಂದ ವಹಾಬನ ಕಣ್ಣು ಮಂಜಾಗಿತ್ತು. ಈ ಕಪಾಟಿಗೆ ಕೈ ಹಾಕಿದ ದಿನ ಒಂದರ ಮುಂದಿನ ಅಂಚಿಗೆ ಇನ್ನೊಂದರ ಹಿಂದಿನ ಅಂಚು ಸೇರಿಸಿ ಗೆರೆ ಎಳೆದ.

"ಅಬ್ಬಾ, ಎರಡೂ ಎಡಗಡೇದೇ ಆಯ್ತಲ್ಲ."

"ನಾನು ಉಳಿ ಹಿಡಿದಾಗ ನಿಮ್ಮಮ್ಮಂಗೆ ಹಾಲುಹಲ್ಲು ಬಿದ್ದಿರ್ಲಿಲ್ಲ. ಬಾಯ್ಮುಚ್ಕೊಂಡು ಹಿಡ್ಕೊ."

ಅವಳು ಹಿಡಿದುಕೊಂಡಳು. ಅವನು ಕೊರೆದ. ಚಹಾ ತಂದ ಹೆಂಡತಿ ಹಮೀದುನ್ನೀಸಾ ಲೋಟ ಹಿಡಿದು ಅಲ್ಲೇ ನಿಂತು ಎಲ್ಲ ನೋಡಿದಳು.

ಸಂಜೆ ದೇವರಾಜ ಬಂದು ಹಲಗೆಗಳನ್ನು ಎದುರುಬದುರು ನಿಲ್ಲಿಸಿದ. ಒಂದರ ಕಚ್ಚುಗಳು ಮುಂದಕ್ಕೆ ಬಾಯಿ ತೆರೆದಿದ್ದವು. ವಹಾಬ್ ಬೆರಳಿನಿಂದ ಸವರಿ ನೋಡಿದ. ಆಮೇಲೆ ತಿರುಗಿ ಮಗಳ ಕೆನ್ನೆಗೆ ಬಾರಿಸಿದ.

"ಇವಳ ಕೈಗೆ ಕೊಟ್ಟೆ ಸಾರ್. ಹೆಣ್ಣಿನ ಕೈ."

ಚಪ್ಪಲಿಯ ಮಾತು ಹುಟ್ಟಿದ್ದು ಅವತ್ತೇ. ಮರುದಿನ ಹಾಲಿನ ಅಂಗಡಿಯಲ್ಲಿ ಅವಳನ್ನು ಕಂಡವರು ಅವಳ ಕಾಲು ನೋಡಿ ನಗುತ್ತಿದ್ದರು.

*

"ಅದನ್ನ ಕೊರೆದಿದ್ದು ಅಬ್ಬಾ," ಅಂದಳು ಶಿರೀನ್.

ಅಂಗಳದಲ್ಲಿದ್ದವರೆಲ್ಲ ತಿರುಗಿದರು.

"ಥೂ, ಅಣ್ಣ ಇನ್ನೂ ಮಣ್ಣಾಗಿಲ್ಲ ಕಣೇ!" ಮುಬಶೀರ್ ಕೂಗಿದ.

"ಅಮ್ಮಿ ಅವತ್ತು ಅಲ್ಲೇ ಇದ್ರು. ಕೇಳಿ."

ದೇವರಾಜ ಬಾಗಿಲಿನ ಪರದೆಯತ್ತ ಕತ್ತು ತಿರುಗಿಸಿದ. "ಹೌದೇನಮ್ಮಾ? ವಹಾಬ್ ಸಾಬ್ರೇ ಮಾಡಿದ್ದಾದ್ರೆ ಹೇಳ್ಬಿಡಿ. ಕೆಲಸ ಇವಳಿಗೇ ಬಿಡ್ತೀನಿ. ನಂಗೇನು, ಕಪಾಟು ಆದ್ರಾಯ್ತು."

ಪರದೆಯ ಹಿಂದೆ ಹೆಂಗಸರ ಅಳು ನಿಂತಿತು. ಹಿತ್ತಲಲ್ಲಿ ಸ್ನಾನದ ನೀರು ಚರಂಡಿಗೆ ಬೀಳುವ ಸದ್ದು ಕೇಳಿಸಿತು.

"ಅವರ ಕೈ ಯಾವತ್ತೂ ತಪ್ಪಿಲ್ಲ," ಹಮೀದುನ್ನೀಸಾಳ ದನಿ ಬಂತು. "ಇವಳೇ ಮಾಡಿದ್ದು."

"ಹೆಂಡ್ತಿ ಅಂದ್ರೆ ಇದಪ್ಪಾ," ಅಂದ ಜಗುಲಿಯ ಮೇಲಿದ್ದ ಮುದುಕ.

ಮುಬಶೀರ್ ಗರಗಸ ಹಾಕಿದ.

ಮಧ್ಯಾಹ್ನದ ನಮಾಜಿನ ಹೊತ್ತಿಗೆ ಗಂಡಸರು ಹೆಣ ಎತ್ತಿದರು. ಹಲಗೆಯ ತುಂಡುಗಳು ಹಿಂದೆ ಆಟೋದಲ್ಲಿ ಹೋದವು. ಹೆಂಗಸರು ಮನೆಯಲ್ಲೇ ಉಳಿದರು.

"ಯಾಕೆ ಅಮ್ಮಿ?"

ಹಮೀದುನ್ನೀಸಾ ಒದ್ದೆ ನೆಲ ಒರೆಸುತ್ತಿದ್ದಳು. "ಇನ್ಮೇಲೆ ನಾನು ಉಣ್ಣೋದು ಮುಬಶೀರನ ಮನೆ ಅನ್ನ. ನಾನು ಅವನ ಸೊಸೆಯರ ಮುಂದೆ ವಹಾಬ್ ಮೇಸ್ತ್ರಿ ಹೆಂಡ್ತಿ ಅಂತ ಕೂರ್ಬೇಕು. ನಿಂದೇನು, ಯಾರ್‍ನಾದ್ರೂ ಕಟ್ಕೊಂಡು ಹೋಗ್ತೀಯ."

"ಮರ ಹಾಳು ಮಾಡಿದವಳನ್ನ ಯಾರು ಕಟ್ಕೊತಾರೆ?"

"ಮರಕ್ಕೂ ಮದ್ವೆಗೂ ಏನೇ? ಕಾಲೆತ್ತು, ಒರೆಸ್ಬೇಕು."

ಮಣ್ಣು ಕೊಟ್ಟು ಬಂದ ಮುಬಶೀರ್ ಕೈ ಕೂಡ ಸರಿಯಾಗಿ ತೊಳೆಯದೆ ಶೆಡ್ಡಿನ ಬಾಗಿಲಿಗೆ ಹೊಸ ಚಿಲಕ ಜಡಿಯತೊಡಗಿದ. ಚಿಲಕ ಕೊಂಡಿಗೆ ಕೂರಲಿಲ್ಲ. ಕಿತ್ತು ಮತ್ತೆ ಜಡಿದ. ಈ ಸಲ ಕೆಳಗಾಯಿತು. ಚೌಕಟ್ಟಿನ ತುಂಬ ತೂತು.

"ಶಿರೀನ್, ಬಾ ಇಲ್ಲಿ. ಇದನ್ನೊಂದು ಕೂರಿಸಿಕೊಟ್ಟು ಹೋಗು."

ಅವಳು ಕದಲಲಿಲ್ಲ.

"ಹೋಗೇ, ಚಾಚಾ ಕರೀತವ್ರೆ," ಅಂದಳು ತಾಯಿ.

ಶಿರೀನ್ ಎದ್ದು ಹೋಗಿ ಕದ ಎಳೆದುಕೊಂಡಳು. ಚಿಲಕವನ್ನು ಮರಕ್ಕೆ ಒತ್ತಿ ಹಿಡಿದು ಪೆನ್ಸಿಲ್ಲಿನಿಂದ ಸುತ್ತ ಗುರುತು ಹಾಕಿದಳು. ಸ್ಕ್ರೂಗಳನ್ನು ಒಂದೊಂದಾಗಿ ತಿರುಗಿಸಿ ಬಿಗಿದಳು. ಬೀಗ ಮೊದಲ ಸಲಕ್ಕೇ ಬಿತ್ತು.

ಮುಬಶೀರ್ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಕದವನ್ನು ಜಗ್ಗಿ ನೋಡಿದ. ಅಲುಗಲಿಲ್ಲ.